ಮೊದಲ ಆಂಟೆನಾ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸು ಮಾಡಿ ಕರೆಸಂಕೇತ ಪಡೆದ ಓದುಗರು ಈ ಸಲ ಕಳಿಸಿರುವ ಪ್ರಶ್ನೆಗಳೆಲ್ಲ ಆಂಟೆನಾದ ಸುತ್ತಲೇ ಇವೆ. ಬ್ಯಾಂಡುಗಳ (ಹವ್ಯಾಸಿಗಳು ಬಳಸುವ ಫ್ರೀಕ್ವೆನ್ಸಿ ಪಟ್ಟಿಗಳ) ಅಂಚು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಕೆಳಗಿನ ಅಳತೆಗಳನ್ನು ನಿಮ್ಮ ಪರವಾನಗಿ ಒಪ್ಪುವ ಫ್ರೀಕ್ವೆನ್ಸಿಗೆ ಹೊಂದಿಸಿಕೊಳ್ಳಿ.

ಪ್ರಶ್ನೆ: ಎಲ್ಲ ಬ್ಯಾಂಡಿಗೂ ಆಗುವ ಒಂದೇ ಆಂಟೆನಾ ಕಟ್ಟುವ ಆಸೆಯಿದೆ. ಎಲ್ಲಿಂದ ಶುರು ಮಾಡಲಿ?

ಒಂದೇ ಬ್ಯಾಂಡಿನಿಂದ. ಬಹುಬ್ಯಾಂಡ್ ಆಂಟೆನಾ ಕೈಕೊಟ್ಟರೆ ದೋಷ ತಂತಿಯ ಉದ್ದದ್ದೋ, ಟ್ರಾನ್ಸ್‌ಫಾರ್ಮರಿನದ್ದೋ, ಕೇಬಲ್ಲಿನದ್ದೋ ಎಂದು ಹೊಸಬರು ಬಿಡಿಸಿ ನೋಡುವುದು ಕಷ್ಟ. ನಮ್ಮ ಸಲಹೆ 7 ಮೆಗಾಹರ್ಟ್ಜ್‌ನ, ಅಂದರೆ 40 ಮೀಟರ್ ಬ್ಯಾಂಡಿನ ಅರ್ಧ ತರಂಗದ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ಸಮ ತೋಳುಗಳ ತಂತಿ). ಹಗಲು ಕೆಲವು ನೂರು ಕಿಲೋಮೀಟರ್, ಕತ್ತಲಾದ ಮೇಲೆ ಅದಕ್ಕಿಂತ ಬಹಳ ದೂರ ಮಾತು ನಡೆಯುವ ಬ್ಯಾಂಡ್ ಅದು. ಅಳತೆ ಒಂದೆರಡು ಸೆಂ.ಮೀ. ಆಚೀಚೆಯಾದರೂ ನಡೆದುಹೋಗುತ್ತದೆ.

ಲೆಕ್ಕ ಹೀಗಿದೆ. 142.6 ಅನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ 20.08 ಮೀಟರ್, ಒಂದೊಂದು ತೋಳಿಗೆ 10.04. ಬಯಲಿನಲ್ಲಿ ಹರಿಯುವ ಅಲೆಯ ಅರ್ಧ ಉದ್ದ 21 ಮೀಟರಿಗೂ ಮೇಲಿರುತ್ತದೆ. ತಂತಿಯ ತುದಿಗಳ ಪ್ರಭಾವದಿಂದ ಸುಮಾರು ಶೇ 5ರಷ್ಟು ಗಿಡ್ಡ ಮಾಡಬೇಕಾಗುತ್ತದೆ. ಇದು ಹೊದಿಕೆಯಿಲ್ಲದ ತಂತಿಗೆ. ಪಿವಿಸಿ ಹೊದಿಕೆಯಿದ್ದರೆ ಇನ್ನೂ ಶೇ 2ರಿಂದ 4 ಕಡಿಮೆಯಾಗುತ್ತದೆ. ಹಾಗೆಂದು ಮೊದಲೇ ಗಿಡ್ಡ ಕತ್ತರಿಸಬೇಡಿ. ತೋಳಿಗೆ 10.6 ಮೀಟರಿನಂತೆ ಕತ್ತರಿಸಿ; ನಡುವಿನ ಗಂಟಿಗೂ ತುದಿಯಲ್ಲಿ ಮಡಚುವುದಕ್ಕೂ ತಂತಿ ಬೇಕಾಗುತ್ತದೆ.

ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ.ನ ಹಲವು ಎಳೆಗಳ ತಾಮ್ರದ ವೈರ್ 22 ಮೀಟರ್ ಸಾಕು. ಜೊತೆಗೆ ರೇಡಿಯೊ ಸೆಟ್‌ವರೆಗೆ ತಲುಪುವಷ್ಟು ಆರ್‌ಜಿ-58 ಕೇಬಲ್ (ಒಳ ತಂತಿಯ ಸುತ್ತ ಜಾಲರಿಯಿರುವ ತೆಳು ಕೋಆಕ್ಸಿಯಲ್ ಕೇಬಲ್), ಅದರ ತುದಿಗೆ ಪಿಎಲ್-259 ಕನೆಕ್ಟರ್ ಮತ್ತು ತೆಳು ಕೇಬಲ್ಲಿಗೆ ಬೇಕಾದ ರಿಡ್ಯೂಸರ್, ನಡುವಿಗೆ 5-6 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಲಗೆ, ತುದಿಗಳಿಗೆ ಪಿವಿಸಿ ಪೈಪಿನ ಎರಡು ತುಂಡು. ಹಗ್ಗ ಪಾಲಿಯೆಸ್ಟರಿನದ್ದಿರಲಿ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ ಬಿಸಿಲಿಗೆ ಹುಡಿಯಾಗಿ ಉದುರುತ್ತದೆ, ಆಂಟೆನಾ ಕೆಳಗೆ ಬೀಳುತ್ತದೆ.

ಪ್ರಶ್ನೆ: ಕೇಬಲ್ಲನ್ನು ತಂತಿಗೆ ಸೇರಿಸುವ ಜಾಗ ಪದೇ ಪದೇ ತುಂಡಾಗುತ್ತಿದೆ. ಬೆಸುಗೆ ಗಟ್ಟಿಯಾಗಿಯೇ ಹಾಕಿದ್ದೇನೆ.

ಬೆಸುಗೆ ಕರೆಂಟ್ ಸಾಗಿಸುವುದಕ್ಕೆ, ಭಾರ ಹೊರುವುದಕ್ಕಲ್ಲ. ನಿಮ್ಮಲ್ಲಿ ತಂತಿಯ ಎಳೆತವೂ ಕೇಬಲ್ಲಿನ ತೂಕವೂ ಬೆಸುಗೆಯ ಮೇಲೆಯೇ ಬೀಳುತ್ತಿರಬೇಕು. ಗಾಳಿಗೆ ಆಡಿ ಆಡಿ, ಬೆಸುಗೆ ಮುಗಿದು ಬರಿ ಎಳೆಗಳು ಶುರುವಾಗುವಲ್ಲೇ ತಂತಿ ಮುರಿಯುತ್ತದೆ.

ಹಲಗೆಯ ಒಂದೊಂದು ಬದಿಗೂ ಮೂರು ರಂಧ್ರ ಕೊರೆಯಿರಿ. ತಂತಿಯನ್ನು ಒಂದರಲ್ಲಿ ಹೊಕ್ಕಿಸಿ ಮತ್ತೊಂದರಲ್ಲಿ ಹೊರತೆಗೆದು, ಮೂರನೆಯದರಲ್ಲಿ ಮತ್ತೆ ಹೊಕ್ಕಿಸಿ ಹಿಂದಕ್ಕೆ ಸುತ್ತಿ. ಎಳೆದರೆ ರಂಧ್ರಗಳ ಅಂಚು ಭಾರ ಹಿಡಿಯಬೇಕು, ಆಚೆ ಉಳಿದ 10 ಸೆಂ.ಮೀ. ಬಾಲ ಸಡಿಲವಾಗಿ ನೇತಾಡಬೇಕು. ಕೇಬಲ್ಲನ್ನೂ ಹಲಗೆಯ ಕೆಳಭಾಗದಲ್ಲಿ ಕುಣಿಕೆಯಂತೆ ಬಗ್ಗಿಸಿ ಎರಡು ಕಡೆ ಕೇಬಲ್ ಟೈ ಬಿಗಿಯಿರಿ. ಅಷ್ಟಾದ ಮೇಲೆ ಕೇಬಲ್ಲಿನ ಹೊರ ಜಾಲರಿಯನ್ನು ತಿರುಚಿ ಒಂದು ಬಾಲಕ್ಕೆ, ಒಳ ತಂತಿಯನ್ನು ಇನ್ನೊಂದಕ್ಕೆ ಬೆಸೆಯಿರಿ. ಬೆಸುಗೆಗೆ ಎಳೆತ ತಾಗದಂತೆ ಎರಡರಲ್ಲೂ ತುಸು ಸಡಿಲ ಇರಲಿ.

ಇನ್ನು ನೀರು. ತೆರೆದ ಜಾಲರಿ ಮಳೆನೀರನ್ನು ಹೀರಿ ಕೇಬಲ್ಲಿನೊಳಗೆ ಮೀಟರುಗಟ್ಟಲೆ ಇಳಿಸುತ್ತದೆ. ಬೆಸುಗೆ ಆರಿದ ಮೇಲೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಅರ್ಧ ಅಗಲಕ್ಕೆ ಎಳೆದು ಸುತ್ತಿ, ಅದರ ಮೇಲೆ ವಿನೈಲ್ ಟೇಪ್ ಹಾಕಿ. ಕೆಳಗಿನಿಂದ ಮೇಲಕ್ಕೆ ಸುತ್ತುತ್ತ ಹೋದರೆ ಸುತ್ತುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತು ನೀರು ಹೊರಗೇ ಜಾರುತ್ತದೆ. ಸಿಲಿಕಾನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವ ಬಗೆ ಬೇಡ. ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಪ್ರಶ್ನೆ: ಡೈಪೋಲಿಗೆ ಬಾಲನ್ (ಕೇಬಲ್ಲಿನ ಹೊರಮೈಯಲ್ಲಿ ಕರೆಂಟ್ ಹರಿಯದಂತೆ ತಡೆಯುವ ಸಾಧನ) ಬೇಕೇ ಬೇಕೆ? ಇಲ್ಲದೆಯೇ ವರ್ಷಗಟ್ಟಲೆ ನಡೆಸಿದವರಿದ್ದಾರಲ್ಲ?

ಇದ್ದಾರೆ, ಇಲ್ಲದೆಯೂ ಆಂಟೆನಾ ಹೊರಸೂಸುತ್ತದೆ. ಆದರೆ ಮೊದಲ ಆಂಟೆನಾಕ್ಕೆ ಹಾಕಿಯೇ ಕಟ್ಟಿ ಎನ್ನುತ್ತೇವೆ, ಏಕೆಂದರೆ ಅದಿಲ್ಲದಿದ್ದರೆ ನಿಮ್ಮ ಅಳತೆಗಳನ್ನು ನಂಬಲಾಗದು. ಡೈಪೋಲಿನ ಎರಡು ತೋಳು ಸಮ. ಕೇಬಲ್ಲಿನ ಜಾಲರಿಗೆ ಒಳಮೈ ಬೇರೆ, ಹೊರಮೈ ಬೇರೆ. ಒಳಮೈಯಲ್ಲಿ ಬಂದ ಕರೆಂಟಿನ ಒಂದು ಪಾಲು ತೋಳಿಗೆ ಹೋಗುವ ಬದಲು ಹೊರಮೈ ಹಿಡಿದು ಕೆಳಗಿಳಿಯುತ್ತದೆ. ಆಗ ಕೇಬಲ್ಲೂ ಆಂಟೆನಾದ ಮೂರನೆಯ ತೋಳಾಗುತ್ತದೆ. ಸೆಟ್‌ನ ಮೈ ಮುಟ್ಟಿದರೆ ಚುರುಕ್ ಎನ್ನುವುದು, ಮೈಕಿನಲ್ಲಿ ಗೊರಗೊರ, ಕೇಬಲ್ಲನ್ನು ಸರಿಸಿದರೆ ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂತಿರುಗುತ್ತದೆ ಎಂಬುದರ ಅಳತೆ; 1 ಅಂದರೆ ಏನೂ ಹಿಂತಿರುಗುತ್ತಿಲ್ಲ) ಬದಲಾಗುವುದು, ಮನೆಯ ಎಲ್‌ಇಡಿ ದೀಪ ಮತ್ತು ಚಾರ್ಜರುಗಳ ಗದ್ದಲ ರಿಸೀವರಿಗೆ ನುಗ್ಗುವುದು, ಇವೆಲ್ಲ ಅದರ ಲಕ್ಷಣಗಳು.

ಬೇಕಾದದ್ದು 1:1 ಚೋಕ್ ಬಾಲನ್. ಹೊರವ್ಯಾಸ 61 ಮಿ.ಮೀ. ಇರುವ, 31 ಸಂಖ್ಯೆಯ ಮಿಶ್ರಣದ ಫೆರೈಟ್ ಉಂಗುರಕ್ಕೆ (ಎಫ್‌ಟಿ240-31) ಆರ್‌ಜಿ-58 ಕೇಬಲ್ಲನ್ನೇ 12 ಸುತ್ತು ಸುತ್ತಿ ನಡುವಿನ ಹಲಗೆಯ ಹತ್ತಿರ ಕಟ್ಟಿ. ಒಳಗಿನ ಪಾಲಿಥೀನ್ ಗಟ್ಟಿಯಾಗಿರುವ ಕೇಬಲ್ ಆರಿಸಿ. ನೊರೆಯಂಥ ಫೋಮ್ ಇರುವುದನ್ನು ಇಷ್ಟು ಬಿಗಿಯಾಗಿ ಬಗ್ಗಿಸಿದರೆ ಒಳತಂತಿ ಪಕ್ಕಕ್ಕೆ ಸರಿಯುತ್ತದೆ. ಫೆರೈಟ್ ಸಿಗದಿದ್ದರೆ 4.5 ಮೀಟರ್ ಕೇಬಲ್ಲನ್ನು ಸುಮಾರು 24 ಸೆಂ.ಮೀ. ವ್ಯಾಸದ 6 ಸುತ್ತಾಗಿ ಕಟ್ಟಿದರೂ 7 ಮೆಗಾಹರ್ಟ್ಜ್‌ಗೆ ಕೆಲಸ ನಡೆಯುತ್ತದೆ, ಫೆರೈಟಿನಷ್ಟು ಚೆನ್ನಾಗಿ ಅಲ್ಲ. ಹಳೆಯ ಪವರ್ ಸಪ್ಲೈಗಳಿಂದ ಕಿತ್ತ ಹಳದಿ ಉಂಗುರಗಳೂ, ಕೆಂಪು ಬಣ್ಣದ ಕಬ್ಬಿಣಪುಡಿಯ ಉಂಗುರಗಳೂ ಇದಕ್ಕೆ ಆಗುವುದಿಲ್ಲ. ಕೇಬಲ್ ಹಲಗೆಯಿಂದ ನೇರ ಕೆಳಗಿಳಿಯಲಿ. ತೋಳಿನ ಪಕ್ಕದಲ್ಲೇ ಓಡಿದರೆ ಚೋಕ್ ಇದ್ದೂ ಕರೆಂಟ್ ಮತ್ತೆ ಜಾಲರಿಗೆ ಹತ್ತುತ್ತದೆ.

ಪ್ರಶ್ನೆ: ತೋಳುಗಳು 10.4 ಮೀಟರಿನಂತೆ ಇವೆ. ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಬರುವುದು 6.85 ಮೆಗಾಹರ್ಟ್ಜ್‌ನಲ್ಲಿ. ನನಗೆ ಬೇಕಿರುವುದು 7.1. ಎಷ್ಟು ಕತ್ತರಿಸಲಿ?

ಈಗಿನ ಒಟ್ಟು ಉದ್ದವನ್ನು ಈಗಿನ ಫ್ರೀಕ್ವೆನ್ಸಿಯಿಂದ ಗುಣಿಸಿ, ಬೇಕಾದ ಫ್ರೀಕ್ವೆನ್ಸಿಯಿಂದ ಭಾಗಿಸಿ. 20.8 × 6.85 ÷ 7.1 ಅಂದರೆ 20.07 ಮೀಟರ್. ಕಡಿಮೆ ಮಾಡಬೇಕಾದದ್ದು ಒಟ್ಟು 73 ಸೆಂ.ಮೀ., ಒಂದೊಂದು ತುದಿಯಲ್ಲಿ 36ರ ಆಸುಪಾಸು. ಮೊದಲು 30 ಮಾಡಿ ನೋಡಿ.

ಕತ್ತರಿಸಬೇಡಿ, ಮಡಚಿ. ತುದಿಯ ಇನ್ಸುಲೇಟರಿನಿಂದ ಹಿಂದಕ್ಕೆ ಮಡಚಿದ ತಂತಿಯನ್ನು ಅದೇ ತೋಳಿಗೆ ಒತ್ತಾಗಿ ಸುತ್ತಿದರೆ ಹೆಚ್ಚುಕಡಿಮೆ ಕತ್ತರಿಸಿದ ಪರಿಣಾಮವೇ ಬರುತ್ತದೆ, ತಪ್ಪಾದರೆ ಬಿಚ್ಚಬಹುದು. ಎರಡೂ ಕಡೆ ಸಮವಾಗಿ ಮಡಚಿ, ಪ್ರತಿ ಸಲವೂ ಪೂರ್ತಿ ಎತ್ತರಕ್ಕೆ ಏರಿಸಿಯೇ ಅಳೆಯಿರಿ. ತಲೆಯೆತ್ತರದಲ್ಲಿ ಅಳೆದ ಅಂಕಿ ಮೇಲೆ ಹೋದಾಗ ಹಾಗೇ ಉಳಿಯುವುದಿಲ್ಲ. ನೆಲದ ಸಾಮೀಪ್ಯ ಫ್ರೀಕ್ವೆನ್ಸಿಯನ್ನು ಕೆಳಕ್ಕೆಳೆಯುತ್ತದೆ. 7.1ರ ಹತ್ತಿರ ಬಂದಮೇಲೆ ಒಂದೊಂದು ತುದಿಯ 1 ಸೆಂ.ಮೀ.ಗೆ ಸುಮಾರು 7 ಕಿಲೋಹರ್ಟ್ಜ್ ಸರಿಯುತ್ತದೆ. ಕನಿಷ್ಠ ಬಿಂದು ಸರಿಯಾದ ಜಾಗಕ್ಕೆ ಬಂದಾಗ ಅಂಕಿ 1.4 ಇದ್ದರೆ ಅಲ್ಲಿಗೇ ಬಿಡಿ. ಬಯಲಿನಲ್ಲಿ ಡೈಪೋಲಿನ ನಡುವಿನ ತಡೆ (ಇಂಪಿಡೆನ್ಸ್) 73 ಓಮ್, ಕೇಬಲ್ 50 ಓಮ್‌ನದ್ದು, 1.5ರ ಹತ್ತಿರ ನಿಲ್ಲುವುದು ಸಹಜ.

ಪ್ರಶ್ನೆ: ಎಸ್‌ಡಬ್ಲ್ಯುಆರ್ ಇಡೀ ಬ್ಯಾಂಡಿನಲ್ಲಿ 1.2. ಆದರೂ ಯಾರಿಗೂ ನನ್ನ ದನಿ ಕೇಳುತ್ತಿಲ್ಲ. ಇಷ್ಟು ಒಳ್ಳೆಯ ಆಂಟೆನಾದಲ್ಲಿ ದೋಷ ಎಲ್ಲಿದೆ?

ಇಡೀ ಬ್ಯಾಂಡಿನಲ್ಲಿ ಒಂದೇ ಸಮನೆ 1.2 ಬಂದರೆ ಮೊದಲು ಸಂಶಯ ಪಡಬೇಕಾದದ್ದು ಆ ಅಂಕಿಯ ಮೇಲೆಯೇ. ತಂತಿಯ ಡೈಪೋಲ್ ಒಂದು ಕಡೆ ತಗ್ಗಿ ಎರಡೂ ಬದಿಗೆ ಏರಬೇಕು. 6.5ರಿಂದ 7.7ರವರೆಗೆ ಅಳೆದು ನೋಡಿ. ಅಲ್ಲೂ ಏರದಿದ್ದರೆ ನೀವು ಅಳೆಯುತ್ತಿರುವುದು ಆಂಟೆನಾವನ್ನಲ್ಲ, ನಷ್ಟವನ್ನು. ಸೆಟ್‌ನಿಂದ ಹೋದ ಶಕ್ತಿಯಲ್ಲಿ ಎಷ್ಟು ಹಿಂತಿರುಗಿ ಬಂತು ಎಂಬುದಷ್ಟೇ ಎಸ್‌ಡಬ್ಲ್ಯುಆರ್ ಮೀಟರಿಗೆ ಗೊತ್ತು. ಉಳಿದದ್ದು ಆಕಾಶಕ್ಕೆ ಹೋಯಿತೋ ಕೇಬಲ್ಲಿನಲ್ಲಿ ಶಾಖವಾಯಿತೋ ಎಂದು ಅದು ಹೇಳುವುದಿಲ್ಲ. 50 ಓಮ್‌ನ ಡಮ್ಮಿ ಲೋಡ್ (ಆಂಟೆನಾದ ಬದಲು ಹಾಕುವ ರೆಸಿಸ್ಟರ್) 1.0 ತೋರಿಸುತ್ತದೆ, ಆದರೆ ಏನನ್ನೂ ಹೊರಸೂಸುವುದಿಲ್ಲ.

ಕೇಬಲ್ಲಿನಲ್ಲಿ 3 ಡಿಬಿ (ಡೆಸಿಬೆಲ್) ನಷ್ಟವಿದೆ, ಅಂದರೆ ಅರ್ಧ ಶಕ್ತಿ ಕರಗುತ್ತದೆ ಎನ್ನೋಣ. ಹೋಗುವಾಗ ಅರ್ಧ ಕರಗಿತು, ತುದಿಯಿಂದ ಮರಳಿದ್ದರಲ್ಲೂ ಅರ್ಧ ಕರಗಿತು. ಮೇಲೆ ಆಂಟೆನಾ ಕಿತ್ತುಹೋಗಿ ಪೂರ್ತಿ ಶಕ್ತಿ ಮರಳಿದರೂ ಮೀಟರಿಗೆ ಕಾಣುವುದು ಕಾಲು ಭಾಗ. ಅದು 3 ಎನ್ನುತ್ತದೆ. ನಷ್ಟ 10 ಡಿಬಿ ಆದರೆ ಆಂಟೆನಾ ಇಲ್ಲದಿದ್ದರೂ 1.2 ಬರುತ್ತದೆ. ನಿಮ್ಮ ಅಂಕಿಯೂ ಅದೇ. ನೀರು ಕುಡಿದ ಕೇಬಲ್ ಸಾಮಾನ್ಯವಾಗಿ ಇಂಥ ಸ್ಥಿತಿಗೆ ತರುತ್ತದೆ.

ಪರೀಕ್ಷೆ ಸುಲಭ. ಕೇಬಲ್ಲನ್ನು ಆಂಟೆನಾದಿಂದ ಬಿಡಿಸಿ ಮೇಲ್ತುದಿಯನ್ನು ತೆರೆದಿಡಿ. ಕೆಳಗಿನಿಂದ ನ್ಯಾನೊ ವಿಎನ್‌ಎ ಎಂಬ ಪುಟ್ಟ ಅಳತೆ ಉಪಕರಣ ಅಥವಾ ಆಂಟೆನಾ ಅನಲೈಸರಿನಲ್ಲಿ ಅಳೆಯಿರಿ. ಸೆಟ್‌ನಿಂದ ಪ್ರಸಾರ ಮಾಡಿ ಅಳೆಯಬೇಡಿ. 30 ಮೀಟರಿನ ಒಳ್ಳೆಯ ಆರ್‌ಜಿ-58ಕ್ಕೆ 7 ಮೆಗಾಹರ್ಟ್ಜ್‌ನಲ್ಲಿ ಸುಮಾರು 1.2 ಡಿಬಿ ನಷ್ಟ, ಹಾಗಾಗಿ ತೆರೆದ ತುದಿಗೆ ಎಸ್‌ಡಬ್ಲ್ಯುಆರ್ 7ರ ಆಸುಪಾಸು ಕಾಣಬೇಕು. ಕೇಬಲ್ ಗಿಡ್ಡವಾದಷ್ಟೂ ಇನ್ನೂ ಹೆಚ್ಚು. 2 ಅಥವಾ ಅದಕ್ಕೂ ಕಡಿಮೆ ಬಂದರೆ ಕೇಬಲ್ ಸತ್ತಿದೆ. ಹೊರ ಹೊದಿಕೆ ಸೀಳಿ ನೋಡಿದರೆ ಜಾಲರಿ ಕಪ್ಪಾಗಿರುತ್ತದೆ, ಕೆಲವೊಮ್ಮೆ ಹಸಿರಾಗಿರುತ್ತದೆ. ಒಣಗಿಸಿದರೆ ಸರಿಹೋಗುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಎಸೆಯಿರಿ ಅಥವಾ ಪೂರ್ತಿ ಬದಲಿಸಿ.

ಕೇಬಲ್ ಸರಿಯಿದ್ದರೆ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿರುವ ವೆಬ್‌ಎಸ್‌ಡಿಆರ್ ರಿಸೀವರೊಂದನ್ನು ಕೆಲವು ನೂರು ಕಿ.ಮೀ. ಆಚೆಯಲ್ಲಿ ಆರಿಸಿಕೊಂಡು, ಕರೆಸಂಕೇತ ಹೇಳಿ, ನಿಮ್ಮ ದನಿಯನ್ನು ನೀವೇ ಕೇಳಿ. ಹಗಲು, ಸಂಜೆ, ರಾತ್ರಿ ಬೇರೆಬೇರೆಯಾಗಿ ಮಾಡಿ. ಆಂಟೆನಾ ಸರಿಯಾಗಿಯೇ ಇದ್ದು ಹೊತ್ತು ಮಾತ್ರ ತಪ್ಪಾಗಿರುವುದೂ ಉಂಟು.

ಪ್ರಶ್ನೆ: ನನ್ನ ಬಳಿ ಒಂದೇ ಕಂಬ, ಅದೂ 9 ಮೀಟರ್. ಡೈಪೋಲ್ ಕಟ್ಟಬಹುದೆ?

ತಲೆಕೆಳಗಾದ ವಿ ಆಕಾರದಲ್ಲಿ ಕಟ್ಟಿ. ನಡು 9 ಮೀಟರಿನಲ್ಲಿ, ತುದಿಗಳು ನೆಲದಿಂದ ಸುಮಾರು 3 ಮೀಟರಿನಲ್ಲಿ. ತೋಳುಗಳ ನಡುವಿನ ಕೋನ 100 ಡಿಗ್ರಿಯ ಹತ್ತಿರ ಬರುತ್ತದೆ. 90ಕ್ಕಿಂತ ಕಡಿಮೆಯಾದರೆ ತೋಳುಗಳು ಒಂದರ ಕೆಲಸವನ್ನೊಂದು ಕೆಡಿಸುತ್ತವೆ. ನೆಲದ ಮೇಲೆ 16 ಮೀಟರ್ ಉದ್ದದ ಜಾಗ, ಅದರಾಚೆ ಹಗ್ಗಕ್ಕೆ ಒಂದಿಷ್ಟು. ತಡೆ 73ರಿಂದ 50 ಓಮ್ ಕಡೆಗೆ ಇಳಿಯುವುದರಿಂದ ಎಸ್‌ಡಬ್ಲ್ಯುಆರ್ ಚೆನ್ನಾಗಿಯೇ ಬರುತ್ತದೆ.

ಎತ್ತರದ ವಿಷಯದಲ್ಲಿ ಒಂದು ಮಾತು ಮೊದಲೇ ತಿಳಿದಿರಲಿ. 40 ಮೀಟರ್ ಬ್ಯಾಂಡಿಗೆ 9 ಮೀಟರ್ ಕಾಲು ತರಂಗಕ್ಕೂ ಕಡಿಮೆ. ಶಕ್ತಿಯ ಬಹುಪಾಲು ನೆತ್ತಿಯ ಮೇಲಕ್ಕೆ ಹೋಗಿ ಅಯಾನುಗೋಳದಿಂದ ಕೆಳಗಿಳಿಯುತ್ತದೆ. ಸುತ್ತಲ ಕೆಲವು ನೂರು ಕಿ.ಮೀ.ಗೆ ಇದಕ್ಕಿಂತ ಒಳ್ಳೆಯದಿಲ್ಲ. ದೂರದ ಖಂಡಗಳೇ ಬೇಕೆಂದರೆ ಅದೇ ಕಂಬಕ್ಕೆ 14.15 ಮೆಗಾಹರ್ಟ್ಜ್‌ನ ಡೈಪೋಲ್ ಹಾಕಿ, ತೋಳಿಗೆ 5.04 ಮೀಟರ್. ಆ ಬ್ಯಾಂಡಿನಲ್ಲಿ 9-10 ಮೀಟರ್ ಅರ್ಧ ತರಂಗದ ಎತ್ತರಕ್ಕೆ ಸಮೀಪವಾಗಿ, ಶಕ್ತಿ ತಗ್ಗು ಕೋನದಲ್ಲಿ ಹೊರಡುತ್ತದೆ.

ಪ್ರಶ್ನೆ: 7 ಮೆಗಾಹರ್ಟ್ಜ್‌ನ ಡೈಪೋಲನ್ನು ಟ್ಯೂನರ್ (ತಡೆಯನ್ನು ಸೆಟ್‌ಗೆ ಹೊಂದಿಸುವ ಪೆಟ್ಟಿಗೆ) ಹಾಕಿ 14ರಲ್ಲಿ ಬಳಸಬಹುದೆ?

ಬೇಡ. 14ರಲ್ಲಿ ಆ ತಂತಿ ಪೂರ್ಣ ತರಂಗವಾಗಿ ನಡುವಿನ ತಡೆ ಸಾವಿರಾರು ಓಮ್‌ಗೆ ಏರುತ್ತದೆ. ಸೆಟ್‌ನ ಪಕ್ಕದ ಟ್ಯೂನರ್ ಸೆಟ್‌ಗೆ ಸಮಾಧಾನ ಕೊಡುತ್ತದೆಯೇ ಹೊರತು ಕೇಬಲ್ಲಿನಲ್ಲಿ ಆಗುವ ನಷ್ಟ ತಪ್ಪುವುದಿಲ್ಲ. 21ರಲ್ಲಿ ಮೂರು ಅರ್ಧ ತರಂಗವಾಗುವುದರಿಂದ ಕೆಲಸ ಮಾಡುತ್ತದೆ, ಆದರೆ ಕನಿಷ್ಠ ಬಿಂದು ಬ್ಯಾಂಡಿಗಿಂತ ತುಸು ಮೇಲೆ ಬೀಳುತ್ತದೆ; ಅಲ್ಲಿ ಟ್ಯೂನರ್ ಬಳಸಿದರೆ ತಪ್ಪಿಲ್ಲ. 14 ಬೇಕೇ ಬೇಕಾದರೆ ಅದೇ ನಡುವಿನ ಹಲಗೆಗೆ ಇನ್ನೊಂದು ಜೋಡಿ ತೋಳು ಸೇರಿಸಿ, ತುದಿಗಳನ್ನು ಮೊದಲ ಜೋಡಿಯಿಂದ ಆದಷ್ಟು ದೂರ ಎಳೆದು ಕಟ್ಟಿ.

ಪ್ರಶ್ನೆ: ತಂತಿ ಎಳೆಯುವುದಕ್ಕೆ ಜಾಗವೇ ಇಲ್ಲ. ಕೈಯಲ್ಲಿರುವುದು 145 ಮೆಗಾಹರ್ಟ್ಜ್‌ನ ವಾಕಿಟಾಕಿ ಮಾತ್ರ.

ಹಾಗಿದ್ದರೆ ಕಾಲು ತರಂಗದ ಗ್ರೌಂಡ್ ಪ್ಲೇನ್ ಕಟ್ಟಿ. ನಾಲ್ಕು ಮೂಲೆಯಲ್ಲೂ ರಂಧ್ರವಿರುವ ಎಸ್‌ಒ-239 ಸಾಕೆಟ್ ಒಂದು, 2ರಿಂದ 3 ಮಿ.ಮೀ.ನ ಹಿತ್ತಾಳೆ ಅಥವಾ ತಾಮ್ರದ ಸರಳು ಐದು. ನೇರ ನಿಲ್ಲುವ ಸರಳು 49 ಸೆಂ.ಮೀ., ಕೆಳಗಿನ ನಾಲ್ಕು 52 ಸೆಂ.ಮೀ. ನೇರ ಸರಳನ್ನು 51ಕ್ಕೆ ಕತ್ತರಿಸಿ ಸಾಕೆಟ್ಟಿನ ನಡುಪಿನ್ನಿಗೆ ಬೆಸೆದು, 3 ಮಿ.ಮೀ.ನಂತೆ ಕಡಿಮೆ ಮಾಡುತ್ತ ಬನ್ನಿ. ಪ್ರತಿ 3 ಮಿ.ಮೀ.ಗೆ ಸುಮಾರು 0.9 ಮೆಗಾಹರ್ಟ್ಜ್ ಏರುತ್ತದೆ. ನಾಲ್ಕು ಸರಳುಗಳನ್ನು ಬೆಸೆಯುವ ಬದಲು ತುದಿಗೆ ಉಂಗುರದ ಲಗ್ ಹಾಕಿ ಸ್ಕ್ರೂ ಬಿಗಿಯಿರಿ, ಏಕೆಂದರೆ ಸಾಕೆಟ್ಟಿನ ಮೈ ಶಾಖವನ್ನೆಲ್ಲ ಎಳೆದುಕೊಂಡು ಬೆಸುಗೆ ಕಚ್ಚುವುದಿಲ್ಲ. ಅಲ್ಯುಮಿನಿಯಮ್ ಸರಳಿಗಂತೂ ಸಾಮಾನ್ಯ ಬೆಸುಗೆ ಹಿಡಿಯುವುದೇ ಇಲ್ಲ.

ಈ ನಾಲ್ಕನ್ನು ಅಡ್ಡಕ್ಕೆ ಬಿಟ್ಟರೆ ತಡೆ 36 ಓಮ್‌ನ ಹತ್ತಿರ. 45 ಡಿಗ್ರಿ ಕೆಳಕ್ಕೆ ಬಗ್ಗಿಸಿದರೆ 50ಕ್ಕೆ ಬರುತ್ತದೆ. ಸರಳುಗಳ ತುದಿಯನ್ನು ಚಿಕ್ಕ ಉಂಗುರವಾಗಿ ಬಾಗಿಸಿ, ಕಣ್ಣಿಗೆ ಚುಚ್ಚುವ ಅಪಾಯ ತಪ್ಪುತ್ತದೆ. ಈ ಫ್ರೀಕ್ವೆನ್ಸಿಯಲ್ಲಿ ಕೇಬಲ್ಲಿನ ಉದ್ದ ಬಹಳ ಮುಖ್ಯ. ಆರ್‌ಜಿ-58ರ 10 ಮೀಟರಿನಲ್ಲಿ ಸುಮಾರು 2 ಡಿಬಿ, ಅಂದರೆ ಮೂರನೇ ಒಂದು ಭಾಗಕ್ಕೂ ಮಿಗಿಲಾದ ಶಕ್ತಿ ಹೋಗುತ್ತದೆ. ಅದಕ್ಕಿಂತ ಉದ್ದ ಬೇಕಾದರೆ ಆರ್‌ಜಿ-213ರಂಥ ದಪ್ಪ ಕೇಬಲ್ ತನ್ನಿ. ದಪ್ಪ ಕೇಬಲ್ಲನ್ನು ನೇರವಾಗಿ ವಾಕಿಟಾಕಿಗೆ ಸಿಕ್ಕಿಸಿದರೆ ಅದರ ಪುಟ್ಟ ಸಾಕೆಟ್ ಮುರಿಯುತ್ತದೆ. ನಡುವೆ ಅರ್ಧ ಮೀಟರಿನ ತೆಳು ಕೇಬಲ್ ಇರಲಿ.

ಪ್ರಶ್ನೆ: ಒಂದು ತುದಿಯಿಂದಲೇ ಕೇಬಲ್ ಕೊಡುವ ಆಂಟೆನಾ ಕಟ್ಟಿದೆ. 49:1 ಟ್ರಾನ್ಸ್‌ಫಾರ್ಮರ್ ಸುತ್ತಿದ್ದು ಸರಿಯಿದೆಯೇ ಎಂದು ತಂತಿ ಕಟ್ಟುವ ಮುಂಚೆಯೇ ತಿಳಿಯಬಹುದೆ?

ತಿಳಿಯಬಹುದು. ಕೇಬಲ್ ಕಡೆ 2 ಸುತ್ತಿನ ಪ್ರೈಮರಿ, ತಂತಿಯ ಕಡೆ 14 ಸುತ್ತಿನ ಸೆಕೆಂಡರಿ ಆದ್ದರಿಂದ ತಡೆಯ ಅನುಪಾತ 7ರ ವರ್ಗ, 49. 50 ಓಮ್ ಆಚೆ ಬದಿಗೆ 2450 ಆಗುತ್ತದೆ. 2.2 ಕಿಲೋಓಮ್ ಮತ್ತು 270 ಓಮ್ ಕಾರ್ಬನ್ ರೆಸಿಸ್ಟರುಗಳನ್ನು ಸಾಲಾಗಿ ಸೇರಿಸಿ, ಕಾಲುಗಳನ್ನು ಗಿಡ್ಡ ಮಾಡಿ, ಸೆಕೆಂಡರಿಯ ತುದಿಯಿಂದ ಗ್ರೌಂಡಿಗೆ ಹಾಕಿ ವಿಎನ್‌ಎಯಲ್ಲಿ ನೋಡಿ. 7 ಮತ್ತು 14ರಲ್ಲಿ 1.5ರೊಳಗೆ ಬರಬೇಕು. 28ರ ಕಡೆ ಏರುತ್ತಿದ್ದರೆ ಪ್ರೈಮರಿಗೆ ಅಡ್ಡಲಾಗಿ 100 ಪಿಕೊಫ್ಯಾರಡ್ ಕೆಪಾಸಿಟರ್ ಹಾಕಿ. ಉಂಗುರ ಎಫ್‌ಟಿ240-43 ಇರಲಿ. ಮಲ್ಟಿಮೀಟರಿನಲ್ಲಿ ಇದು ಶಾರ್ಟ್ ತೋರಿಸುತ್ತದೆ, ಗಾಬರಿ ಬೇಡ. ಸುರುಳಿ ಒಂದೇ ತಂತಿಯದ್ದು.

ತಂತಿಯ ತುದಿಯಲ್ಲಿ 100 ವ್ಯಾಟಿಗೆ 700 ವೋಲ್ಟ್‌ನಷ್ಟು ಶಿಖರ ವೋಲ್ಟೇಜ್ ಇರುತ್ತದೆ. ಡಬ್ಬಿಯನ್ನೂ ತಂತಿಯನ್ನೂ ಮಕ್ಕಳ ಕೈಗೆ, ದನಕರುಗಳ ಮೈಗೆ ತಾಗದಂತೆ ಇಡಿ.

ಪ್ರಶ್ನೆ: ನಮ್ಮ ಜಾಗದ ಪಕ್ಕದಲ್ಲೇ ವಿದ್ಯುತ್ ಲೈನ್ ಹೋಗಿದೆ. ಹೊದಿಕೆಯಿರುವ ತಂತಿ ಬಳಸಿದರೆ ಸಾಲದೆ?

ಸಾಲದು. ಆ ಹೊದಿಕೆ ಹೈಟೆನ್ಷನ್ ಲೈನಿಗೆ ಲೆಕ್ಕವೇ ಅಲ್ಲ. ಕಂಬ ಯಾವ ದಿಕ್ಕಿಗೆ ಬಿದ್ದರೂ, ತಂತಿ ತುಂಡಾಗಿ ಗಾಳಿಗೆ ಹಾರಿದರೂ ಲೈನನ್ನು ಮುಟ್ಟದಷ್ಟು ದೂರ ಇದ್ದರೆ ಮಾತ್ರ ಕಟ್ಟಿ. ಲೈನಿನ ಮೇಲಿಂದ ಹಗ್ಗ ಎಸೆಯುವುದು, ಕೆಳಗಿಂದ ತಂತಿ ಹಾಯಿಸುವುದು ಎರಡೂ ಪ್ರಾಣ ತೆಗೆಯುವ ಕೆಲಸ. ಅಷ್ಟು ದೂರ ಸಿಗದಿದ್ದರೆ ಅಲ್ಲಿ ಆ ಆಂಟೆನಾ ಬೇಡ. ಗುಡುಗು ದೂರದಲ್ಲಿ ಕೇಳಿಸುವ ಮುಂಚೆಯೇ, ಮೋಡ ಕವಿದಾಗಲೇ ಕೇಬಲ್ಲನ್ನು ಸೆಟ್‌ನಿಂದ ಕಳಚಿ ಹೊರಗಿಡಿ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಬೇಡಿ.

ಪ್ರಶ್ನೆ: ಕಟ್ಟಿ ಮುಗಿದ ಆಂಟೆನಾವನ್ನು ಆಗಾಗ ಇಳಿಸಿ ನೋಡಬೇಕೆ?

ಇಳಿಸುವ ಅಗತ್ಯವಿಲ್ಲ. ಮೊದಲ ದಿನವೇ 7.00, 7.05, 7.10, 7.15, 7.20ರಲ್ಲಿ ಎಸ್‌ಡಬ್ಲ್ಯುಆರ್ ಅಳೆದು ಬರೆದಿಡಿ. ತಿಂಗಳಿಗೊಮ್ಮೆ, ದೊಡ್ಡ ಮಳೆಗಾಳಿಯ ನಂತರವೂ ಅದೇ ಐದು ಅಂಕಿ ತೆಗೆದು ಹೋಲಿಸಿ. ಕನಿಷ್ಠ ಬಿಂದು ಕೆಳಕ್ಕೆ ಸರಿದಿದ್ದರೆ ತಂತಿ ಹಿಗ್ಗಿದೆ ಅಥವಾ ಜೋತು ನೆಲಕ್ಕೆ ಹತ್ತಿರವಾಗಿದೆ. ಎಲ್ಲ ಕಡೆ ಒಮ್ಮೆಲೇ 10ರ ಮೇಲೆ ಹೋಗಿದ್ದರೆ ನಡುವಿನ ಬೆಸುಗೆಯನ್ನೂ ಕನೆಕ್ಟರನ್ನೂ ನೋಡಿ. ಎಲ್ಲ ಕಡೆ ಸಮನಾಗಿ ಕಡಿಮೆಯಾಗುತ್ತ ಬಂದಿದ್ದರೆ ಕೇಬಲ್ಲಿಗೆ ನೀರು ಇಳಿಯುತ್ತಿದೆ. ಆಗ ಮಾತ್ರ ತಡಮಾಡದೆ ಇಳಿಸಿ.